ಸೋಮವಾರ ಹುಟ್ಟಿದವನು

ಬೋನ ಬಾಪ್ಪುವಿಗೆ ಎಂಬತ್ತು ತುಂಬುವ ಹೊತ್ತಿಗೆ
ಕುಲವೃಕ್ಷವನ್ನು ಫ್ಲೆಕ್ಸಿನಲ್ಲಿ ಮಾಡಿಸುವ ಹುಕಿ ಬಂತು.
ಬೇರಿನ ಜಾಗದಲ್ಲಿ ತಾವೇ ಬರೆದಿಟ್ಟಿದ್ದರು: ಪ್ರಭು.
'ನಾವು ಗೋವೆಯ ಪ್ರಭುಗಳು, ಮಂಜಿಯಲ್ಲಿ ಬಂದವರು,
ಜೊತೆಗೆ ಬಂದದ್ದು ಒಂದು ಶಿಲುಬೆ, ಒಂದು ಹಿತ್ತಾಳೆ ಹಂಡೆ.'
ಹಂಡೆ ಈಗಲೂ ಬಚ್ಚಲಲ್ಲಿದೆ.
ಅದರ ಕಂಠದಲ್ಲಿ ಕೊರೆದದ್ದು ಹಂಪನಕಟ್ಟೆಯ ಅಂಗಡಿಯ ಹೆಸರು,
ಮಸಿಯಡಿಯಲ್ಲಿ. ಯಾರೂ ತಿಕ್ಕಿ ನೋಡಿಲ್ಲ.

ನಡುವಿನ ಹೆಸರುಗಳನ್ನು ತುಂಬಿಸಿ ಕೊಡು ಅಂದರು ನನಗೆ.
ಮೂವತ್ತೊಂದು ವರ್ಷ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು
ಸತ್ತವರ ಜಾಗವನ್ನು ಬದುಕಿದವರ ಹೆಸರಿಗೆ
ಮಾಡಿಕೊಟ್ಟವಳು ನಾನು.

ಸ್ಟೇಟ್ ಬ್ಯಾಂಕಿನಿಂದ ಬಸ್ಸು, ಮೂಲ್ಕಿ ದಾಟಿ ರಿಕ್ಷಾ,
ಆಮೇಲೆ ಕಟ್ಟಪುಣಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು.
ಇಗರ್ಜಿಯ ಒಳಕೋಣೆ. ನುಸಿಗುಳಿಗೆಯ ವಾಸನೆ.
ಫಾದರ್ ಲಾದ್ರು ಪೋರ್ಚುಗೀಸ್ ಓದುವುದು
ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ,
ಒಂದೊಂದೇ, ಕನ್ನಡಕ ಎತ್ತಿ.

ಸಾವಿರದ ಎಂಟುನೂರ ನಲವತ್ತೊಂದು. ಕಂಪೆನಿಯ ಕಾಲ.
ತೋಮಸ್. ಪ್ರಾಯ ಇಪ್ಪತ್ತರ ಅಂದಾಜು.
ತಂದೆ: ತಿಳಿಯದು.
ತಾಯಿ: ಅಲ್ಲಿ ಗೆದ್ದಲು.
ಜ್ಞಾನತಂದೆ: ಇನಾಸ್ ಪಿರೇರಾ, ಭೂಮಿಯ ಧನಿ.
ಅಂಚಿನಲ್ಲಿ ಬೇರೆ ಶಾಯಿ, ಬೇರೆ ಕೈ, ಕನ್ನಡ ಅಕ್ಷರ,
ಇಡೀ ಪುಟದಲ್ಲಿ ನನಗೆ ಓದಲು ಬಂದ ಒಂದೇ ಶಬ್ದ:
ಮೂಲದಾಳು.

ಮೂಲ ಹುಡುಕಿಕೊಂಡು ಹೋದವಳು.
ಮೂಲವೂ ಸಿಕ್ಕಿತು,
ಆಳೂ ಸಿಕ್ಕಿದ.

ಆಳುಗಳಿಗೆ ತುಳುವಿನಲ್ಲಿ ಏಳೇ ಹೆಸರು:
ಐತ, ತೋಮ, ಅಂಗಾರ, ಬೂದ,
ಗುರುವ, ತುಕ್ರ, ತನಿಯ.
ಹುಟ್ಟಿದ ವಾರವನ್ನೇ ಕೂಗಿದರೆ ಸಾಕು,
ಬೇರೆ ಹೆಸರು ಯೋಚಿಸುವ ಪುರುಸೊತ್ತು ಯಾರಿಗಿತ್ತು.
ಸೋಮವಾರದ ತೋಮನಿಗೆ
ಕೊನೆಯಲ್ಲೊಂದು ಸಕಾರ ಸೇರಿಸಿ ನೀರು ಹೊಯ್ದರು.
ಮರುದಿನ ಗದ್ದೆಯಂಚಿನಿಂದ ಕರೆದಾಗ
ನಿನ್ನೆಯ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ
ತಿರುಗಿ ನೋಡಿರಬೇಕು.

ಪಿರೇರಾ ಧನಿಯದು.
ಹಳೆಯ ಅಂಗಿ ಕೊಟ್ಟ ಹಾಗೆ ಕೊಟ್ಟರೋ,
ಅಕ್ಕಿಮುಡಿಗೆ ಸುಣ್ಣದ ಗುರುತು ಹಾಕಿದ ಹಾಗೆ ಹಾಕಿದರೋ.
ಪ್ರೀತಿಯೂ ಇದ್ದೀತು.
ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

'ಪಿರೇರಾ ಅಂದರೆ ಅವರ ಭಾಷೆಯಲ್ಲಿ ಪೇರು ಹಣ್ಣಿನ ಮರ,'
ಪುಸ್ತಕ ಮುಚ್ಚುತ್ತ ಫಾದರ್ ಅಂದರು.
'ನಮ್ಮ ಮಣ್ಣಲ್ಲಿ ಅದು ಬರುವುದಿಲ್ಲ.
ಹಡಗಿನಲ್ಲಿ ಬಂದದ್ದು ಬೇರೆಯೇ ಹಣ್ಣು,
ಜನ ಅದಕ್ಕೆ ಇದರ ಹೆಸರಿಟ್ಟರು, ಪೇರಳೆ ಅಂತ.
ಕಾಯಿ ಬಿಡುವುದಕ್ಕೇನೂ ತೊಂದರೆ ಆಗಲಿಲ್ಲ, ನೋಡಿ.'
ಹಿತ್ತಿಲಿನಿಂದ ನಾಲ್ಕು ಕಿತ್ತು, ಹಳೆಯ ಪೇಪರಲ್ಲಿ ಕಟ್ಟಿಕೊಟ್ಟರು.
ಒಂದಕ್ಕೆ ಬಾವಲಿ ಹಲ್ಲು ತಾಗಿಸಿತ್ತು.
ಸಿಹಿ ಇದ್ದದ್ದು ಅದೇ.

ಬೋನ ಬಾಪ್ಪು ಪೂರ್ತಿ ಕೇಳಿದರು.
ಮೂಲದಾಳು ಎಂಬಲ್ಲಿಗೆ ಬಂದಾಗ
ಕಿವಿಯ ಯಂತ್ರ ಕಳಚಿ ಮೇಜಿನ ಮೇಲಿಟ್ಟರು.
ಫ್ಲೆಕ್ಸು ಪ್ರಿಂಟಿಗೆ ಹೋಗಿದೆ, ಅಂದರು.

ಹೋಗಿತ್ತು. ಬಂತು. ಚಪ್ಪರದಲ್ಲಿ ತೂಗಿತು.
ಸಾನ್ನ, ದುಕ್ರಾಮಾಸ್, ಬ್ರಾಸ್ ಬ್ಯಾಂಡು.
ಮಕ್ಕಳು ಪ್ರಭುವಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು.
ನಾನೂ ನಿಂತೆ,
ನಿಲ್ಲಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ.

ಒಂಬತ್ತು ದಿನ ಕಳೆದು, ರಾತ್ರಿ, ಫೋನು.
ತೇರ್ಸಕ್ಕೆ ಕೂತಿದ್ದವರು ನಡುವೆ ಎದ್ದು ಬಂದ ಹಾಗಿತ್ತು ಉಸಿರು.
'ನಾನು ಹುಟ್ಟಿದ್ದು ಯಾವ ವಾರ?
ನಿನಗೆ ಲೆಕ್ಕ ಹಾಕಲು ಬರುತ್ತದಲ್ಲ.'

ಬೆರಳು ಮಡಚಿದೆ, ಬಿಚ್ಚಿದೆ.
ಶುಕ್ರವಾರ ಅಂದೆ.

ಅತ್ತ ಫ್ಯಾನಿನ ಸದ್ದು ಮಾತ್ರ, ತುಂಬ ಹೊತ್ತು.
ಮತ್ತೆ, ಸಾರಿನ ಉಪ್ಪು ನೋಡುವವರ ಹಾಗೆ,
ನಾಲಿಗೆಯ ತುದಿಯಲ್ಲಿ:
'ತುಕ್ರ.'

ಇನ್ನೊಮ್ಮೆ ಅಂದು ನೋಡಿದರು.
'ನಿನ್ನದು?' ಅಂದರು.